ಬಳ್ಳಾರಿಯಲ್ಲಿ ಸಿಗುವ ಸೇಬು: ಕೇಕ್‌ಗೆ ಯಾವುದು, ಹಾಗೇ ತಿನ್ನೋಕೆ ಯಾವುದು

ಒಂದು ತಿಂಗಳಿಂದ ನಮ್ಮೂರಲ್ಲಿ ಸಿಗುವ ಸೇಬನ್ನೆಲ್ಲ ಒಂದೊಂದಾಗಿ ತಂದು, ಅರ್ಧ ಹಾಗೇ ತಿಂದು ಅರ್ಧ ಓವನ್‌ಗೆ ಹಾಕಿ ನೋಡಿದ್ದೇನೆ. ಕೇಕ್‌ಗೆ ಹಸಿರು ಸೇಬೇ ಬೇಕು, ಅಂದ್ರೆ ಗ್ರಾನಿ ಸ್ಮಿತ್.

ಅಮ್ಮನ ಹುಟ್ಟುಹಬ್ಬಕ್ಕೆ ಬೆಂಗಳೂರು ರೋಡ್ ಕಡೆಯ ಒಂದು ಅಂಗಡಿಯಿಂದ ಕಡುಗೆಂಪು ಬಣ್ಣದ, ಮಿರಮಿರ ಮಿಂಚುವ ರೆಡ್ ಡೆಲಿಷಿಯಸ್ ತಂದಿದ್ದೆ. 180 ಡಿಗ್ರಿಯಲ್ಲಿ 45 ನಿಮಿಷ ಇಟ್ಟು ತೆಗೆದು ಕತ್ತರಿಸಿದರೆ ಸೇಬಿನ ತುಂಡು ಒಂದೂ ಕಾಣಲಿಲ್ಲ, ಎಲ್ಲ ಮುದ್ದೆಯಾಗಿ ನೀರು ಬಿಟ್ಟು ಕೇಕ್ ನಡುವೆ ಹಸಿಹಸಿ. ಉಳಿದ ಹಣ್ಣನ್ನು ಕಚ್ಚಿದರೆ ಬಾಯಲ್ಲಿ ಹಿಟ್ಟು ಹಿಟ್ಟು. ತುಂಬಾ ಬೇಜಾರಾಯಿತು. ಆದರೆ ಅದು ಏಪ್ರಿಲ್ ತಿಂಗಳು, ಬಳ್ಳಾರಿ ಬಿಸಿಲು ಗೊತ್ತಲ್ವಾ? ಹಿಮಾಚಲದ ಹೊಸ ಸೇಬು ಬರೋದು ಜುಲೈ, ಆಗಸ್ಟ್‌ನಿಂದ, ಕಾಶ್ಮೀರದ್ದು ಸೆಪ್ಟೆಂಬರ್ ಆದ ಮೇಲೆ ಜಾಸ್ತಿ. ಬೇಸಿಗೆಯಲ್ಲಿ ಸಿಗೋದು ಕೋಲ್ಡ್ ಸ್ಟೋರೇಜ್‌ನದ್ದು, ಇಲ್ಲಾ ಹೊರದೇಶದ್ದು. ಅದನ್ನು ನಾಲ್ಕು ದಿನ ಸೆಕೆಯಲ್ಲಿ ಜೋಡಿಸಿಟ್ಟರೆ ಯಾವ ಜಾತಿಯ ಸೇಬಾದರೂ ಮೆತ್ತಗಾಗುತ್ತದೆ.

ಮುಂದಿನ ವಾರ ಬೇರೆ ಅಂಗಡಿಯಲ್ಲಿ ಹಸಿರು ಸೇಬು ಆರಿಸುವಾಗ ಅಂಗಡಿಯವರೇ, "ಅಕ್ಕಾ, ಇವು ಬಾಳ ಹುಳಿ ಅದಾವ್ರಿ, ಮಕ್ಕಳು ತಿನ್ನಂಗಿಲ್ಲ" ಅಂದರು. ನನಗೆ ಬೇಕಿದ್ದದ್ದೇ ಆ ಹುಳಿ! ಸ್ಟಿಕ್ಕರ್ ಮೇಲೆ 4017 ಅಂತಿದ್ದರೆ ಅದು ದೊಡ್ಡ ಗಾತ್ರದ ಗ್ರಾನಿ ಸ್ಮಿತ್. ಬೆಲೆ ಸ್ವಲ್ಪ ಜಾಸ್ತಿ, ಆದರೆ ಒಂದು ಕೇಕ್‌ಗೆ ಮೂರು ಸಾಕು. ಹೆಬ್ಬೆರಳಿನ ಅಗಲಕ್ಕೆ ಹೆಚ್ಚಿ, ಕಪ್ಪಾಗದಂತೆ ನಿಂಬೆರಸ ಹಿಂಡಿ, ಚಕ್ಕೆ ಪುಡಿ ಮತ್ತು ಎರಡು ಚಮಚ ಹೆಚ್ಚಿಗೆ ಸಕ್ಕರೆ ಹಾಕಿ ಕಲಸಿದೆ. ಬೆಂದ ಮೇಲೂ ತುಂಡುಗಳು ತುಂಡಾಗೇ ನಿಂತಿದ್ದವು. ಚಾಕು ಇಟ್ಟರೆ ಬೆಣ್ಣೆಯಂತೆ ಇಳಿಯಿತು, ಸಿಹಿಯ ಮಧ್ಯೆ ಸಣ್ಣಗೆ ಹುಳಿ. ಅಮ್ಮ ಎರಡನೇ ತುಂಡು ಕೇಳಿ ಹಾಕಿಸಿಕೊಂಡರು.

ಹಾಗೇ ತಿನ್ನೋಕೆ ರಾಯಲ್ ಗಾಲಾ ತಗೊಳ್ಳಿ. ಸಿಪ್ಪೆ ತೆಳು, ಹುಳಿ ಕಮ್ಮಿ, ಮಕ್ಕಳು ಸುಮ್ನೆ ತಿಂದು ಮುಗಿಸುತ್ತಾರೆ. ಫ್ಯೂಜಿ ಇನ್ನೂ ಸಿಹಿ, ರಸ ಜಾಸ್ತಿ, ಫ್ರಿಜ್‌ನಲ್ಲಿ ಬಹಳ ದಿನ ತಡೆಯುತ್ತದೆ. ಬೇರೇನೂ ಸಿಗದಿದ್ದರೆ ಕೇಕ್‌ಗೂ ನಡೆಯುತ್ತದೆ, ಸಕ್ಕರೆ ಕಮ್ಮಿ ಮಾಡಿ ನಿಂಬೆರಸ ಜಾಸ್ತಿ ಹಾಕಿ. ಆದರೆ ಆಗಸ್ಟ್‌ನಲ್ಲಿ ಬರುವ ಹೊಸ ಶಿಮ್ಲಾ ಸೇಬಿನ ಘಮ ಇವೆರಡಕ್ಕೂ ಇಲ್ಲ.

ಕೊಳ್ಳುವಾಗ ಬಣ್ಣ ನೋಡಬೇಡಿ. ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ತಕ್ಕ ಭಾರ ಇರಬೇಕು, ತೊಟ್ಟಿನ ಹತ್ತಿರ ಮೆಲ್ಲಗೆ ಒತ್ತಿದರೆ ಒಳಗೆ ಹೋಗಬಾರದು. ಮನೆಗೆ ತಂದ ತಕ್ಷಣ ಕವರ್‌ನಲ್ಲಿ ಹಾಕಿ ಫ್ರಿಜ್‌ಗೆ ಇಡಿ, ಈ ಸೆಕೆಯಲ್ಲಿ ಹೊರಗೆ ಬುಟ್ಟಿಯಲ್ಲಂತೂ ಬೇಡ.