ಎರಡು ಸಿಮ್ ಹಾಕಿದೆ, ಒಂದು ಜೇಬು ಖಾಲಿಯಾಯಿತು

ವಾಷಿಂಗ್ ಮಷೀನ್ ರಿಪೇರಿ ನನ್ನ ಕೆಲಸ. ಹತ್ತು ವರ್ಷ ಎರಡು ಫೋನ್ ಹೊತ್ತು ಓಡಾಡಿದೆ. ಎಡ ಜೇಬಿನದು ಮನೆಯದು, ಬಲ ಜೇಬಿನದು ಕೆಲಸದ್ದು. ಮಷೀನ್ ಹಿಂದೆ ಬಗ್ಗಿ ಕೂತಾಗಲೇ ಯಾವುದೋ ಒಂದು ರಿಂಗ್ ಆಗುತ್ತದೆ. ಯಾವ ಜೇಬು ಎಂದು ತಡಕುವಷ್ಟರಲ್ಲಿ ಕಟ್. ಕೆಲಸದ ಫೋನಿನ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದು ನಿಂತ ದಿನ ಸಾಕಪ್ಪಾ ಅನಿಸಿತು. ಎರಡು ಸಿಮ್ ಹಿಡಿಯುವ ಫೋನ್ ಕೊಂಡು ಈಗ ಏಳು ತಿಂಗಳು.

ಮೊದಲ ದಿನವೇ ಟ್ರೇ ಕೈಕೊಟ್ಟಿತು. ಇದು ಹೈಬ್ರಿಡ್ ಟ್ರೇ. ಎರಡನೇ ಜಾಗದಲ್ಲಿ ಸಿಮ್ ಇಲ್ಲವೇ ಮೆಮೊರಿ ಕಾರ್ಡ್, ಎರಡೂ ಕೂರುವುದಿಲ್ಲ. ಮಷೀನ್‌ಗಳ ವೈರಿಂಗ್ ಚಿತ್ರಗಳೆಲ್ಲ ನನ್ನ ಕಾರ್ಡಿನಲ್ಲಿದ್ದವು. ಒಂದು ಸಂಜೆ ಪೂರ್ತಿ ಅವನ್ನು ಫೋನಿನೊಳಗೆ ಹಾಕುವುದೇ ಆಯಿತು. ಡಬ್ಬದ ಮೇಲೆ ‘ಡ್ಯುಯಲ್ ಸಿಮ್’ ಅಂತ ದೊಡ್ಡದಾಗಿ ಇತ್ತು, ಹೈಬ್ರಿಡ್ ಅನ್ನುವುದನ್ನು ಮಾತ್ರ ಹುಡುಕಿ ಓದಬೇಕಿತ್ತು.

ಸಿಮ್‌ಗಳಿಗೆ ‘ಮನೆ’, ‘ಕೆಲಸ’ ಎಂದು ಹೆಸರಿಟ್ಟು ಬೇರೆ ಬೇರೆ ರಿಂಗ್‌ಟೋನ್ ಹಾಕಿದ್ದೇನೆ. ಕೈ ಒದ್ದೆಯಿದ್ದರೂ ಯಾರ ಕಡೆಯ ಕರೆ ಎಂದು ಕಿವಿಗೇ ಗೊತ್ತಾಗುತ್ತದೆ. ರಾತ್ರಿ ಎಂಟಕ್ಕೆ ಸೆಟ್ಟಿಂಗ್ಸ್‌ಗೆ ಹೋಗಿ ಕೆಲಸದ ಸಿಮ್ ಆಫ್ ಮಾಡುತ್ತೇನೆ. ಈ ಫೋನಿನಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ.

ಈಗ ದೂರು. ಒಂದು ದಿನ ಅಕ್ಕನ ಜೊತೆ ಮನೆ ನಂಬರಿನಲ್ಲಿ ನಲವತ್ತು ನಿಮಿಷ ಮಾತಾಡಿದೆ. ಅಷ್ಟರಲ್ಲಿ ಕೆಲಸದ ನಂಬರಿಗೆ ಗಿರಾಕಿಯೊಬ್ಬರು ಆರು ಸಲ ಮಾಡಿದ್ದಾರೆ. ‘ಏನ್ರೀ, ಬರ್ತೀನಿ ಅಂತ ಹೇಳಿ ಫೋನ್ ಆಫ್ ಮಾಡ್ಕೊಂಡು ಕೂತಿದ್ದೀರಾ?’ ಎಂದು ಬೈದರು. ನನ್ನ ಫೋನಿನಲ್ಲಿ ಒಂದು ಮಿಸ್ಡ್ ಕಾಲ್ ಕೂಡ ಇರಲಿಲ್ಲ!

ಕಾರಣ ಆಮೇಲೆ ತಿಳಿಯಿತು. ಇದು ‘ಡ್ಯುಯಲ್ ಸಿಮ್ ಡ್ಯುಯಲ್ ಸ್ಟ್ಯಾಂಡ್‌ಬೈ’. ಕರೆಗಾಗಿ ಕಾಯುವಾಗ ಎರಡೂ ಸಿಮ್ ಎಚ್ಚರ. ಒಂದರಲ್ಲಿ ಮಾತು ಶುರುವಾದರೆ ಫೋನಿನ ರೇಡಿಯೋ, ಅಂದರೆ ಸಿಗ್ನಲ್ ಹಿಡಿಯುವ ಭಾಗ, ಪೂರ್ತಿ ಅದಕ್ಕೇ, ಇನ್ನೊಂದು ನಂಬರ್ ನೆಟ್‌ವರ್ಕಿನಿಂದಲೇ ಮಾಯ. ಎರಡರಲ್ಲೂ ಒಟ್ಟಿಗೆ ಕರೆ ಬರಬೇಕಾದರೆ ‘ಡ್ಯುಯಲ್ ಆಕ್ಟಿವ್’ ಎಂದಿರುವ ಫೋನ್ ಬೇಕು. ನಾನು ಕಂಡುಕೊಂಡ ದಾರಿ ಕಾಲ್ ಫಾರ್ವರ್ಡಿಂಗ್. ಫೋನ್ ‘ಸಿಗದಿದ್ದಾಗ’ ಎಂಬ ಆಯ್ಕೆಯಲ್ಲಿ ಮನೆ ನಂಬರನ್ನು ಕೆಲಸದ್ದಕ್ಕೆ, ಕೆಲಸದ್ದನ್ನು ಮನೆಯದಕ್ಕೆ ತಿರುಗಿಸಿದೆ. ಕಾಲ್ ವೇಟಿಂಗ್ ಕೂಡ ಆನ್ ಮಾಡಿದೆ. ಈಗ ಅಕ್ಕನ ಮಾತಿನ ನಡುವೆ ಬೀಪ್ ಬರುತ್ತದೆ. ಅಕ್ಕನಿಗೆ ಸಿಟ್ಟೂ ಬರುತ್ತದೆ, ಅದು ಬೇರೆ ವಿಷಯ. ಹೀಗೆ ತಿರುಗಿದ ಕರೆಗೆ ಕೆಲವು ಪ್ಲಾನ್‌ಗಳಲ್ಲಿ ದುಡ್ಡು ಹಿಡಿಯುತ್ತಾರೆ, ಮೊದಲೇ ಕೇಳಿಕೊಳ್ಳಿ.

ಹೊರಗೆ ಹೋಗುವ ಕರೆಗಳಲ್ಲೂ ಒಮ್ಮೆ ಎಡವಿದೆ. ಗಿರಾಕಿಗೆ ಮನೆ ನಂಬರಿನಿಂದ ಮಾಡಿಬಿಟ್ಟೆ. ಅವರು ಈಗಲೂ ಭಾನುವಾರ ಬೆಳಿಗ್ಗೆ ಅದಕ್ಕೇ ಮಾಡುತ್ತಾರೆ. ‘ಪ್ರತಿ ಸಲ ಕೇಳು’ ಎಂದು ಮೊದಲೇ ಇಟ್ಟಿದ್ದರೆ ತಪ್ಪುತ್ತಿತ್ತು. ವಾಟ್ಸಾಪ್ ಮಾತ್ರ ಸಲೀಸು. 2023ರಿಂದ ಒಂದೇ ಆ್ಯಪ್‌ನಲ್ಲಿ ಎರಡು ಖಾತೆ ಇಡಬಹುದು. ಬ್ಯಾಟರಿ ಎರಡು ನೆಟ್‌ವರ್ಕ್ ಕಾಯಬೇಕಲ್ವಾ, ಸಿಗ್ನಲ್ ಕಡಿಮೆಯಿರುವ ಬೇಸ್‌ಮೆಂಟ್‌ಗಳಲ್ಲಿ ಜಾಸ್ತಿ ಇಳಿಯುತ್ತದೆ.

ಹೋದ ತಿಂಗಳು ಫೋನ್ ಡ್ರಮ್ಮಿನ ನೀರಿಗೆ ಬಿತ್ತು. ಎರಡು ದಿನ ಮನೆಯವರಿಗೂ ಸಿಗಲಿಲ್ಲ, ಗಿರಾಕಿಗೂ ಸಿಗಲಿಲ್ಲ. ಹಾಗಾಗಿ ಹಳೇ ಮನೆ ಫೋನ್ ಈಗ ಟೂಲ್ ಬ್ಯಾಗಿನಲ್ಲಿದೆ. ಅದಕ್ಕೆ ಬೇಕಾದದ್ದು ಹಳೇ ಅಳತೆಯ ಮೈಕ್ರೋ ಸಿಮ್. ಈಗಿನ ಫೋನಿನ ಚಿಕ್ಕ ನ್ಯಾನೋ ಸಿಮ್ ಅದರಲ್ಲಿ ಕೂರಿಸಲು ಬೇಕಾದ ಪ್ಲಾಸ್ಟಿಕ್ ಚೌಕಟ್ಟನ್ನು ಅದರ ಬೆನ್ನಿಗೇ ಟೇಪ್ ಹಾಕಿ ಅಂಟಿಸಿದ್ದೇನೆ.