ಗ್ರಂಥಪಾಲಕರಿಗೆ ಉಚಿತ ಆನ್‌ಲೈನ್ ತರಬೇತಿ: ಕ್ಲಾಸ್‌ರೂಮ್, ಯೂಟ್ಯೂಬ್, ಮೂಡಲ್

ಕೋಹಾ ಎಂಬ ಗ್ರಂಥಾಲಯ ತಂತ್ರಾಂಶದಲ್ಲಿ ಸೂಚೀಕರಣ (ಪುಸ್ತಕಗಳ ವಿವರ ದಾಖಲಿಸುವುದು) ಕಲಿಸುವ ನಾಲ್ಕು ವಾರದ ಕೋರ್ಸನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಅದೇ ವಿಡಿಯೊ, ಅದೇ ಪ್ರಶ್ನೆಗಳನ್ನು ಮೂರು ಕಡೆ ಹಾಕಿ ನೋಡಿದರೆ, ಯಾರು ಎಲ್ಲಿ ಸಿಕ್ಕಿಕೊಂಡರು ಎಂಬುದು ಕಲಿಸುವವರಿಗೆ ತಿಳಿಯುತ್ತದೆಯೇ ಎಂಬಲ್ಲಿ ವ್ಯತ್ಯಾಸ ಬೀಳುತ್ತದೆ.

ಬೇಗ ಶುರುವಾಗುವುದು ಗೂಗಲ್ ಕ್ಲಾಸ್‌ರೂಮ್. ಸಾಮಗ್ರಿ ಸಿದ್ಧವಿದ್ದರೆ ಅರ್ಧ ದಿನ ಸಾಕು. ಸ್ವಂತ ಜಿಮೇಲ್ ಖಾತೆಯಿಂದ ತೆರೆದ ತರಗತಿಗೆ 250 ಜನರ ಮಿತಿ ಇದೆ, ಕಲಿಸುವವರೂ ಆ ಲೆಕ್ಕದಲ್ಲೇ ಬರುತ್ತಾರೆ. ಅಭ್ಯಾಸಕ್ಕೆ 100, 245, 082 ಮುಂತಾದ ಮಾರ್ಕ್ ಟ್ಯಾಗ್‌ಗಳ (ಲೇಖಕ, ಶೀರ್ಷಿಕೆ, ವರ್ಗಸಂಖ್ಯೆ ತುಂಬುವ ಅಂಕಣಗಳ ಸಂಕೇತ) ಒಂದು ಶೀಟ್ ಕೊಟ್ಟು, ಐದು ಪುಸ್ತಕಗಳ ವಿವರ ತುಂಬಿಸಿ. ಶೀಟ್ ಲಗತ್ತಿಸುವಾಗಲೇ ‘ಪ್ರತಿಯೊಬ್ಬರಿಗೂ ಒಂದು ಪ್ರತಿ’ ಆಯ್ಕೆ ಮಾಡಬೇಕು. ತಪ್ಪಿ ಎಡಿಟ್ ಅನುಮತಿ ಕೊಟ್ಟರೆ ಎಲ್ಲರೂ ಒಂದೇ ಶೀಟಿನಲ್ಲಿ ಬರೆದು ಒಬ್ಬರದನ್ನೊಬ್ಬರು ಅಳಿಸುತ್ತಾರೆ. ಒಪ್ಪಿಸಿದ ಕೆಲಸ ಕಾಣುತ್ತದೆ, ಆದರೆ ವಿಡಿಯೊ ನೋಡಿದರೋ ಬಿಟ್ಟರೋ ಕಾಣುವುದಿಲ್ಲ.

ಯೂಟ್ಯೂಬ್ ಇದಕ್ಕೆ ಉಲ್ಟಾ. ಪ್ರೇಕ್ಷಕರು ಎಷ್ಟನೇ ನಿಮಿಷಕ್ಕೆ ಬಿಟ್ಟರು ಎಂದು ತೋರಿಸುತ್ತದೆ, ಯಾರು ಎಂದು ಹೇಳುವುದಿಲ್ಲ. ಲಾಗಿನ್ ಬೇಡ, ಹಳೆಯ ಫೋನಿನಲ್ಲೂ ಓಡುತ್ತದೆ. ವಿವರಣೆಯಲ್ಲಿ ಅಧ್ಯಾಯ ಗುರುತು ಹಾಕುವಾಗ ಮೊದಲನೆಯದು 00:00 ಇರಲೇಬೇಕು, ಕನಿಷ್ಠ ಮೂರು ಬೇಕು, ಒಂದೊಂದೂ 10 ಸೆಕೆಂಡಿಗಿಂತ ಕಡಿಮೆ ಇರಬಾರದು. ಇಲ್ಲದಿದ್ದರೆ ಅಧ್ಯಾಯಗಳು ಮೂಡುವುದೇ ಇಲ್ಲ. ಬರೀ ಯೂಟ್ಯೂಬನ್ನು ಕೋರ್ಸ್ ಎನ್ನಲಾಗದು; ವಿಡಿಯೊ ಇಡಲು ಮಾತ್ರ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಯಾರು, ಎಲ್ಲಿ ಎಂಬ ಎರಡನ್ನೂ ಹಿಡಿದುಕೊಡುವುದು ಮೂಡಲ್, ನಮ್ಮದೇ ಸರ್ವರಿನಲ್ಲಿ ಕೋರ್ಸ್ ನಡೆಸುವ ತಂತ್ರಾಂಶ. ಯೂಟ್ಯೂಬ್ ಕೊಂಡಿಯನ್ನೇ ಎಚ್‌5ಪಿ ಎಂಬ ಸಾಧನದ ಸಂವಾದಾತ್ಮಕ ವಿಡಿಯೊದೊಳಗೆ ಹಾಕಿ, ನಡುವೆ ನಿಲ್ಲಿಸಿ ಪ್ರಶ್ನೆ ಕೇಳಬಹುದು. ರಸಪ್ರಶ್ನೆಯಲ್ಲಿ ಶೇ 60 ಅಂಕ ಬಂದರೆ ಮಾತ್ರ ಮುಂದಿನ ಪಾಠ ತೆರೆಯುವಂತೆ ಬೀಗ ಹಾಕಬಹುದು. ಬೀಗಕ್ಕೆ ‘ನೋಡಿದರೆ ಪೂರ್ಣ’ ಎಂಬ ಷರತ್ತು ಕೊಡಬೇಡಿ, ಪುಟ ತೆರೆದ ಕೂಡಲೇ ಟಿಕ್ ಬೀಳುತ್ತದೆ.

ಚುಟುಕು ಉತ್ತರಗಳಲ್ಲಿ ಎಚ್ಚರ ಬೇಕು. ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಕಾದಂಬರಿಯ ಸಂಖ್ಯೆ 894.8143. ಇದನ್ನೇ ಕನ್ನಡ ಅಂಕಿಯಲ್ಲಿ ೮೯೪.೮೧೪೩ ಎಂದು ಬರೆದವರಿಗೆ ಮೂಡಲೂ ಗೂಗಲ್ ಫಾರ್ಮೂ ಸೊನ್ನೆ ಕೊಡುತ್ತವೆ. ಎರಡೂ ರೂಪಗಳನ್ನು ಸರಿಯುತ್ತರವಾಗಿ ಸೇರಿಸಿಡಿ.

ಮೂಡಲ್ ಉಚಿತ ತಂತ್ರಾಂಶವೇನೋ ಹೌದು, ಸರ್ವರ್ ಉಚಿತವಲ್ಲ. ಮೂಡಲನ್ನು ಓಡಿಸುವ ಪಿಎಚ್‌ಪಿಯಲ್ಲಿ ಕಡತ ಏರಿಸುವ ಮೂಲ ಮಿತಿ 2 ಎಂಬಿ, ಹಾಗೇ ಬಿಟ್ಟರೆ ಸ್ಕ್ಯಾನ್ ಮಾಡಿದ ಪಿಡಿಎಫ್ ಏರುವುದಿಲ್ಲ. ಹಿನ್ನೆಲೆ ಕೆಲಸಗಳನ್ನು ತಾನಾಗಿ ನಡೆಸುವ ಕ್ರಾನ್ ನಿಮಿಷಕ್ಕೊಮ್ಮೆ ಓಡದಿದ್ದರೆ ಚರ್ಚಾವೇದಿಕೆಯ ಸೂಚನೆಗಳು ಸಮಯಕ್ಕೆ ಹೋಗುವುದಿಲ್ಲ. ಮೇಲ್ ಕಳಿಸಲು ಸಾಮಾನ್ಯ ಜಿಮೇಲ್ ಜೋಡಿಸಿದ್ದರೆ ದಿನಕ್ಕೆ 500ರ ಮಿತಿ: ನೂರು ಜನರಿರುವ ವೇದಿಕೆಗೆ ಎಲ್ಲರೂ ಕಡ್ಡಾಯ ಚಂದಾದಾರರಾದರೆ ಐದು ಪೋಸ್ಟ್‌ಗೆ ಮುಗಿಯಿತು. ಆಮೇಲೆ ಪಾಸ್‌ವರ್ಡ್ ಮರೆತವರಿಗೂ ಮೇಲ್ ಇಲ್ಲ. ಕಡ್ಡಾಯ ಚಂದಾದಾರಿಕೆಯನ್ನು ಪ್ರಕಟಣೆಗಳಿಗಷ್ಟೇ ಇಡಿ.

ಪ್ರಮಾಣಪತ್ರದಲ್ಲಿ ಇನ್ನೊಂದು ತೊಡಕು. ಮೂಡಲ್ ಪಿಡಿಎಫ್ ಮಾಡಲು ಬಳಸುವ ಟಿಸಿಪಿಡಿಎಫ್ ಎಂಬ ತಂತ್ರಾಂಶಕ್ಕೆ ಕನ್ನಡದ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ‘ಗ್ರಂಥಾಲಯ’ದ ಗಕಾರವೂ ರಕಾರವೂ ಬೇರೆಬೇರೆ ನಿಲ್ಲುತ್ತವೆ. ಕನ್ನಡ ಒಕ್ಕಣೆಯನ್ನೆಲ್ಲ ಹಿನ್ನೆಲೆ ಚಿತ್ರವಾಗಿಸಿ, ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಬರುವಂತೆ ಮಾಡುವುದೇ ಸದ್ಯಕ್ಕೆ ದಾರಿ. ಹೆಸರೂ ಕನ್ನಡದಲ್ಲೇ ಬೇಕೆಂದರೆ ಗೂಗಲ್ ಸ್ಲೈಡ್ಸ್‌ನಲ್ಲಿ ಪತ್ರ ತಯಾರಿಸಿ ಬೇರೆಯಾಗಿ ಹಂಚಿ.

ಒಂದೇ ತಂಡ, ಐವತ್ತು ಜನ, ಸರ್ವರ್ ನೋಡಿಕೊಳ್ಳುವವರಿಲ್ಲ ಎಂದಾದರೆ ಕ್ಲಾಸ್‌ರೂಮೇ ಸರಿ. ವರ್ಷವಿಡೀ ಯಾರು ಯಾವಾಗ ಬೇಕಾದರೂ ಸೇರುವ ಕೋರ್ಸಾದರೆ ಮೂಡಲ್.