ಕೊಯ್ಟ್ ಗೋಪುರ: ಗೋಡೆಯ ಮೇಲೊಂದು ಬೀದಿ

ಸ್ಯಾನ್ ಫ್ರಾನ್ಸಿಸ್ಕೊದ ಕೊಯ್ಟ್ ಗೋಪುರಕ್ಕೆ ಹೋಗುವವರು ಕೊಲ್ಲಿಯ ನೋಟಕ್ಕೆಂದು ನೇರವಾಗಿ ಲಿಫ್ಟ್ ಹತ್ತಬಾರದು. ನನ್ನ ಮಟ್ಟಿಗೆ ನೋಡಬೇಕಾದದ್ದು ನೆಲಮಹಡಿಯ ಗೋಡೆಗಳನ್ನೇ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, ಕೆಲಸವಿಲ್ಲದೆ ಕುಳಿತಿದ್ದ ಕಲಾವಿದರಿಗೆ ಸರ್ಕಾರವೇ ಸಂಬಳ ಕೊಟ್ಟು 1934ರಲ್ಲಿ ಬರೆಸಿದ ಭಿತ್ತಿಚಿತ್ರಗಳು ಅಲ್ಲಿವೆ. ವಿಕ್ಟರ್ ಅರ್ನೌಟಾಫ್ ಅವರ ‘ನಗರ ಜೀವನ’ದ ಮುಂದೆ ನಾನು ಅರ್ಧ ಗಂಟೆ ನಿಂತೆ: ಜನರಿಂದ ಗಿಜಿಗುಡುವ ಬೀದಿಯಲ್ಲಿ ಹಾಡಹಗಲೇ ಒಬ್ಬನನ್ನು ಪಿಸ್ತೂಲು ತೋರಿಸಿ ದೋಚುತ್ತಿದ್ದರೂ ಊರು ತನ್ನ ಪಾಡಿಗೆ ತಾನು ಓಡಾಡುತ್ತಿದೆ. ಪತ್ರಿಕೆ ಮಾರುವ ಕಟ್ಟೆಯಲ್ಲಿ ಎಡಪಂಥೀಯ ಪತ್ರಿಕೆಗಳು ಎದ್ದು ಕಾಣುತ್ತವೆ. ಅದರ ಪಕ್ಕದಲ್ಲೇ ಅರ್ನೌಟಾಫ್ ತಮ್ಮನ್ನೂ ನಿಲ್ಲಿಸಿಕೊಂಡಿದ್ದಾರೆ (ತುಂಟತನವೆಂದರೆ ಇದು). ಕ್ಯಾಲಿಫೋರ್ನಿಯಾದ ಹೊಲತೋಟಗಳ ಚಿತ್ರಗಳೂ ಅಲ್ಲಿವೆ, ಚೆನ್ನಾಗಿಯೇ ಇವೆ. ಆದರೆ ಈ ಬೀದಿಯೆದುರು ನನಗೆ ಅವು ಸಪ್ಪೆಯೆನಿಸಿದವು.